ಹೇಳುವವರು ಕೇಳುವವರಿಲ್ಲದ ಹಸಿ ಸೊಪ್ಪು

ಗೆ,
ಮಾನ್ಯ ಆಹಾರ ಸುರಕ್ಷತಾ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಣ್ಣಿಲ್ಲದೆ ನೀರಿನಲ್ಲಿ ಬೆಳೆದು, ತೊಳೆಯದೆ ತಿನ್ನಬಹುದೆಂದು ಮಾರುವ ಸೊಪ್ಪು ಮತ್ತು ಮೊಳಕೆಗಳಿಗೆ ಪರವಾನಗಿ, ತಪಾಸಣೆ ಕಡ್ಡಾಯ ಮಾಡುವ ಕುರಿತು.

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಹಿರಿಯ ನಾಗರಿಕರ ವಸತಿಗೃಹವೊಂದರ ಅಡುಗೆಮನೆ ನೋಡಿಕೊಳ್ಳುವವಳು. ನಮ್ಮ ಗೋಡೆಯ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದೇವೆ. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗುತ್ತದೆ. ಕುಡಿಯುವ ನೀರಿನ ಲ್ಯಾಬ್ ವರದಿ ಫೈಲಿನಲ್ಲಿದೆ. ಜಿರಳೆ, ಇಲಿ ಔಷಧಿ ಹೊಡೆಸಿದ ರಸೀದಿಯೂ ಇದೆ. ಹಸಿ ಪದಾರ್ಥಕ್ಕೆ ಬೇರೆ ಚಾಕು, ಬೆಂದದ್ದಕ್ಕೆ ಬೇರೆ. ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿರಬೇಕಾದದ್ದು 60ಕ್ಕಿಂತ ಮೇಲೆ ಇದೆಯೇ ಎಂದು ದಿನಾ ನೋಡಿ ಬರೆದಿಡುತ್ತೇವೆ. ಆಹಾರ ಸುರಕ್ಷತೆಯ ಫೋಸ್ಟ್ಯಾಕ್ ತರಬೇತಿಗೆ ನಾನೇ ಹೋಗಿ ಕುಳಿತು ಪ್ರಮಾಣಪತ್ರ ತಂದಿದ್ದೇನೆ. ಇದಾವುದರ ಬಗ್ಗೆಯೂ ನನಗೆ ಗೊಣಗಾಟವಿಲ್ಲ. ಎಂಬತ್ತು ದಾಟಿದವರು ಊಟ ಮಾಡುವ ಜಾಗದಲ್ಲಿ ಇಷ್ಟಾದರೂ ಇರಲೇಬೇಕು.

ನನ್ನ ದೂರು ಇದೇ ಅಡುಗೆಮನೆಯೊಳಕ್ಕೆ ಯಾವ ಫೈಲೂ ಇಲ್ಲದೆ ಬಂದು, ಒಲೆಯ ಮುಖವನ್ನೂ ನೋಡದೆ ನೇರವಾಗಿ ತಟ್ಟೆಗೆ ಹೋಗುವ ಒಂದು ಪದಾರ್ಥದ ಬಗ್ಗೆ.

ನಮ್ಮಲ್ಲಿರುವವರ ಮಕ್ಕಳಲ್ಲಿ ಬಹಳ ಜನ ಹೊರದೇಶದಲ್ಲಿದ್ದಾರೆ. ಅಪ್ಪ ಅಮ್ಮನಿಗೆ ಸಲಾಡ್ ಕೊಡಿ ಎಂದು ಅವರು ಕೇಳತೊಡಗಿ ಕೆಲವು ವರ್ಷವಾಯಿತು. ಹಾಗಾಗಿ ಲೆಟ್ಯೂಸ್, ಬೇಬಿ ಪಾಲಕ್, ಬೇಸಿಲ್, ಮೈಕ್ರೋಗ್ರೀನ್ ಎಲ್ಲ ಆ್ಯಪ್‌ನಲ್ಲಿ ತರಿಸುತ್ತಿದ್ದೆವು. ಚೀಲ ನೋಡಲು ಚಂದ. ಮೇಲೆ ಹೀಗೆ ಅಚ್ಚಾಗಿರುತ್ತದೆ: ಹೈಡ್ರೋಪೋನಿಕ್, ಮಣ್ಣು ಮುಟ್ಟಿಲ್ಲ, ಕೀಟನಾಶಕವಿಲ್ಲ, ತೊಳೆಯುವ ಅಗತ್ಯವಿಲ್ಲ, ನೇರವಾಗಿ ತಿನ್ನಿ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ನಾಲ್ಕೈದು ಮಂದಿಗೆ ವಾಂತಿ ಭೇದಿ ಶುರುವಾಯಿತು. ಒಬ್ಬರನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಎಲ್ಲರೂ ಚೇತರಿಸಿಕೊಂಡರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಏನು ತಿಂದರು ಎಂದು. ಅವತ್ತಿನ ಮೊಸರಿನ ಬ್ಯಾಚ್ ಸಂಖ್ಯೆ ಹೇಳಿದೆ. ಪನ್ನೀರಿನದು ಹೇಳಿದೆ. ಬೇಳೆ ಯಾವ ಅಂಗಡಿಯದು, ಎಂದು ಬಂದದ್ದು ಎಂದು ಬಿಲ್ ತೆಗೆದು ತೋರಿಸಿದೆ. ಸಲಾಡಿನ ಸೊಪ್ಪಿನ ಸರದಿ ಬಂದಾಗ ಚೀಲ ತಿರುಗಿಸಿ ಮುರುಗಿಸಿ ನೋಡಿದೆ. ಬ್ರ್ಯಾಂಡ್ ಹೆಸರು, ತೂಕ, ಬೆಲೆ, ಗ್ರಾಹಕರ ಸಹಾಯವಾಣಿ ಇತ್ತು. ಎಲ್ಲಿ ಬೆಳೆದದ್ದು, ಎಂದು ಕೊಯ್ದದ್ದು, ಯಾವ ಲಾಟ್ ಎಂಬುದು ಇರಲಿಲ್ಲ.

ಸೊಪ್ಪಿನಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ. ಆಧಾರ ಯಾಕೆ ಇಲ್ಲವಾಯಿತು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಸಹಾಯವಾಣಿಗೆ ಫೋನ್ ಮಾಡಿದೆ. ಕೇಳದಿದ್ದ ದುಡ್ಡು ತಕ್ಷಣ ವಾಪಸ್ ಬಂತು, ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬಳಿಕ ಒಂದು ಸರ್ಕಾರಿ ಕಚೇರಿಗೆ ಹೋದೆ. ಸೊಪ್ಪು ಹೊಲದ ಉತ್ಪನ್ನ, ರೈತರ ವಿಷಯ, ನಮಗೆ ಬರುವುದಿಲ್ಲ ಎಂದರು. ಅವರು ತೋರಿಸಿದ ಇನ್ನೊಂದು ಕಚೇರಿಗೆ ಹೋದೆ. ಪಾಲಿಹೌಸ್ ಕಟ್ಟಿಕೊಳ್ಳಲು ಸಹಾಯಧನ ಬೇಕಿದ್ದರೆ ಅರ್ಜಿ ಕೊಡಿ, ತಿಂದವರ ಹೊಟ್ಟೆಯ ವಿಚಾರ ಬೇರೆಯವರದು ಎಂದರು. ಯಾವ ಕಚೇರಿಗಳು ಎಂದು ಇಲ್ಲಿ ಬರೆಯುವುದಿಲ್ಲ. ಕುರ್ಚಿಯಲ್ಲಿದ್ದವರು ಉಡಾಫೆಯಿಂದ ಮಾತಾಡಲಿಲ್ಲ. ಕಾಯ್ದೆ ಓದಿಕೊಂಡೇ ಮಾತಾಡಿದರು. ತೊಡಕಿರುವುದೂ ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಸೊಪ್ಪನ್ನು ಹಸಿಯಾಗಿ ತಿನ್ನುವ ರೂಢಿ ಕಡಿಮೆ. ಮಸ್ಸೊಪ್ಪು, ಬಸ್ಸಾರು, ಉಪ್ಪುಸಾರು, ಪಲ್ಯ, ಹುಳಿ ಯಾವುದನ್ನೇ ಮಾಡಲಿ, ಸೊಪ್ಪು ಕುದಿಯುವ ನೀರನ್ನು ದಾಟಿ ಬರಬೇಕು. ಕೊತ್ತಂಬರಿ, ಕೋಸಂಬರಿಯ ಹೆಸರುಬೇಳೆ, ಮಜ್ಜಿಗೆಗೆ ಹಾಕುವ ಕರಿಬೇವು, ಹಸಿಯಾಗಿ ತಿನ್ನುವುದು ಇಷ್ಟೇ. ಕೆರೆ ನೀರು, ಕೊಟ್ಟಿಗೆ ಗೊಬ್ಬರ, ಮಾರುಕಟ್ಟೆಯ ಕೆಸರು ಎಲ್ಲದಕ್ಕೂ ಕೊನೆಯ ಕಾವಲು ಒಲೆಯೇ ಆಗಿತ್ತು. ತಪಾಸಣೆ ಮಾಡುವ ಇಲಾಖೆಗಳು ಹುಟ್ಟುವ ಮೊದಲಿನಿಂದಲೂ ಆ ಕೆಲಸವನ್ನು ಅದು ಮಾಡಿಕೊಂಡು ಬಂದಿದೆ. ಈಗ ಒಲೆಯನ್ನು ಬಿಟ್ಟುಬಿಟ್ಟಿದ್ದೇವೆ. ಬಿಡಬಾರದು ಎನ್ನುತ್ತಿಲ್ಲ, ನಾನೂ ಸಲಾಡ್ ತಿನ್ನುತ್ತೇನೆ. ಒಲೆ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಹೈಡ್ರೋಪೋನಿಕ್ಸ್ ಮೇಲೆ ಜನರಿಗೆ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ವೃಷಭಾವತಿ ನದಿಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಸುದ್ದಿಯನ್ನು ಈ ಊರಿನವರು ವರ್ಷಗಳಿಂದ ಓದುತ್ತಾ ಬಂದಿದ್ದಾರೆ. ಚರಂಡಿ ನೀರು, ಹಸಿ ಗೊಬ್ಬರ, ಕೀಟನಾಶಕ ಇವುಗಳಿಂದ ಓಡಿ ಬಂದವರಿಗೆ ಬಿಳಿ ಪೈಪಿನಲ್ಲಿ ಹಸಿರಾಗಿ ನಿಂತ ಲೆಟ್ಯೂಸ್ ಕಂಡರೆ ಸಮಾಧಾನವಾಗುವುದು ಸಹಜ. ಕೆಲವು ಅಪಾಯಗಳು ಅಲ್ಲಿ ನಿಜಕ್ಕೂ ಇಲ್ಲ. ಆದರೆ ಮಣ್ಣು ಹೋದ ಜಾಗಕ್ಕೆ ನೀರು ಬಂದಿದೆ. ಮಣ್ಣಿನ ಅಪಾಯ ಹೋಗಿ ನೀರಿನ ಅಪಾಯ ಬಂದಿದೆ ಎಂದು ಚೀಲದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ದೊಡ್ಡಬಳ್ಳಾಪುರದ ಕಡೆ ಇಂಥ ಒಂದು ಶೆಡ್ ನಡೆಸುವ ಯುವ ಬೆಳೆಗಾರರೊಬ್ಬರು ನನ್ನನ್ನು ಒಳಗೆ ಕರೆದು ಎಲ್ಲ ತೋರಿಸಿದರು. ಒಂದು ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಕಬ್ಬಿಣದ ಅಂಶ. ಇನ್ನೊಂದರಲ್ಲಿ ಮೆಗ್ನೀಸಿಯಂ ಸಲ್ಫೇಟ್, 13-0-45, 0-52-34 ಎಂಬ ಗೊಬ್ಬರಗಳು. ಎರಡನ್ನೂ ಗಟ್ಟಿಯಾಗಿರುವಾಗಲೇ ಬೆರೆಸಿದರೆ ಗಸಿ ಕಟ್ಟಿಕೊಳ್ಳುತ್ತದಂತೆ, ಅದಕ್ಕೇ ಬೇರೆ ಬೇರೆ ಟ್ಯಾಂಕು. ಅವೆರಡರಿಂದ ಬೇಕಾದಷ್ಟು ತೆಗೆದು ದೊಡ್ಡ ತೊಟ್ಟಿಯ ನೀರಿಗೆ ಸೇರಿಸಿ, ಪಿಎಚ್ ಮತ್ತು ಇಸಿ ಮೀಟರ್ ಅದ್ದಿ ನೋಡಿ, ಮೋಟಾರ್ ಹಾಕುತ್ತಾರೆ. ನೀರು ಪೈಪುಗಳಲ್ಲಿ ತೆಳುವಾಗಿ ಹರಿದು, ಸಾವಿರಾರು ಗಿಡಗಳ ಬೇರು ಸವರಿಕೊಂಡು, ಮತ್ತೆ ಅದೇ ತೊಟ್ಟಿಗೆ ಬಂದು ಬೀಳುತ್ತದೆ. ಹೊಲದ ಬೇಸಾಯಕ್ಕಿಂತ ಎಷ್ಟೋ ಕಡಿಮೆ ನೀರು ಸಾಕು ಎಂದು ಹೊಗಳುವುದು ಈ ಸುತ್ತಾಟದ ಕಾರಣಕ್ಕೇ. ಬೆಂಗಳೂರಿನಂಥ ಊರಿಗೆ ಅದು ಸಣ್ಣ ಮಾತಲ್ಲ.

ಆದರೆ ಈ ಏರ್ಪಾಡು ಒಂದೇ ಕಲ್ಯಾಣಿಯಲ್ಲಿ ಊರೆಲ್ಲ ಮಿಂದ ಹಾಗೆ. ಹೊಲದ ಮೂಲೆಯಲ್ಲಿ ಒಂದು ಹಕ್ಕಿ ಹಿಕ್ಕೆ ಹಾಕಿದರೆ ನಾಲ್ಕು ಗಿಡ ಹಾಳು. ಇಲ್ಲಿ ಅದೇ ಹಿಕ್ಕೆ ತೊಟ್ಟಿಗೆ ಬಿದ್ದರೆ ಸಂಜೆಯೊಳಗೆ ಶೆಡ್ಡಿನ ಬಹುಪಾಲು ಗಿಡಗಳ ಬೇರಿಗೆ ತಲುಪಿರುತ್ತದೆ. ಮಣ್ಣಿನಲ್ಲಿ ರೋಗಾಣುವನ್ನು ತಿಂದುಹಾಕುವ ಬೇರೆ ಸೂಕ್ಷ್ಮಜೀವಿಗಳಿವೆ. ಅದನ್ನು ಒಣಗಿಸಿ ಕೊಲ್ಲಲು ಬಿಸಿಲಿದೆ. ಮುಚ್ಚಿದ ತೊಟ್ಟಿಯ ನೀರಿನಲ್ಲಿ ಅವೆರಡೂ ಕಡಿಮೆ. ಪೈಪಿನ ಒಳಮೈಗೆ ಲೋಳೆ ಕಟ್ಟಿಕೊಂಡರೆ ರೋಗಾಣು ಅದರೊಳಗೆ ಅಡಗಿ ಕೂರುತ್ತದೆ. ಮೇಲೆ ಎಷ್ಟು ಔಷಧಿ ಹರಿಸಿದರೂ ಅಲ್ಲಿಗೆ ತಟ್ಟುವುದು ಕಷ್ಟ. ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಕೆಳಗೆ ತೊಟ್ಟಿಯ ನೀರು ಬೆಚ್ಚಗಾಗುತ್ತದೆ. ಬೇರು ಕೊಳೆಯುತ್ತದೆ ಎಂದು ಬೆಳೆಗಾರರು ಹೆದರುವ ತಿಂಗಳುಗಳು ಅವು. ಗಿಡದ ಕಾಯಿಲೆ ಕಣ್ಣಿಗೆ ಕಾಣುತ್ತದೆ, ಬೇರು ಕಂದಾಗುತ್ತದೆ, ಎಲೆ ಬಾಡುತ್ತದೆ. ಮನುಷ್ಯರಿಗೆ ಕಾಯಿಲೆ ತರುವ ಇ. ಕೋಲಿಯೋ ಸಾಲ್ಮೊನೆಲ್ಲಾವೋ ಇದ್ದರೆ ಗಿಡ ನಗುನಗುತ್ತಲೇ ಇರುತ್ತದೆ.

ಇನ್ನೊಂದು ಸಂಗತಿಯಿದೆ. ಪೋಷಕಾಂಶದ ನೀರಿನಲ್ಲಿರುವ ಬ್ಯಾಕ್ಟೀರಿಯಾ ಬೇರಿನ ಮೂಲಕ, ಮುಖ್ಯವಾಗಿ ಎಳೆಯ ಅಥವಾ ಹರಿದ ಬೇರಿನ ಮೂಲಕ, ಗಿಡದ ಒಳಗೇ ಸೇರಬಲ್ಲದು ಎಂದು ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ. ಒಳಗೆ ಹೋದದ್ದನ್ನು ಉಪ್ಪುನೀರು ತೆಗೆಯುವುದಿಲ್ಲ, ಅರಿಶಿನದ ನೀರೂ ತೆಗೆಯುವುದಿಲ್ಲ. ಹಾಗಾಗಿ ಕೊಯ್ಲಿನ ನಂತರ ತೊಳೆಯುವುದು ಈ ಸೊಪ್ಪಿಗೆ ಅರ್ಧ ಉಪಾಯ ಮಾತ್ರ. ಉಳಿದರ್ಧ ತೊಟ್ಟಿಯಲ್ಲೇ ಆಗಬೇಕು. ಬೇರು ಸಮೇತ ಮಾರುವ ಲೆಟ್ಯೂಸ್ ನೋಡಿದ್ದೀರಲ್ಲ? ತಾಜಾ ಎಂದು ತೋರಿಸಲು ಹಾಗೆ ಮಾರುತ್ತಾರೆ. ಆ ಬೇರಿನ ಜೊತೆ ತೊಟ್ಟಿಯ ನೀರೂ ಚೀಲದೊಳಗೆ ಬಂದು, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂರುತ್ತದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮುದುಕರಿಗೂ ಗರ್ಭಿಣಿಯರಿಗೂ ಎಷ್ಟು ಅಪಾಯಕಾರಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಯುವಕರ ಹತ್ತಿರ ಎಲ್ಲಕ್ಕೂ ದಾಖಲೆಯಿತ್ತು. ಕೊಳವೆಬಾವಿ ನೀರಿನ ವರದಿ, ತೊಟ್ಟಿ ತೊಳೆದ ದಿನಾಂಕ, ಯುವಿ ದೀಪ ಬದಲಿಸಿದ ದಿನಾಂಕ, ಕೋಕೋಪೀಟ್ ಬಂದ ಬಿಲ್ ಎಲ್ಲವೂ ಒಂದು ಉದ್ದದ ನೋಟ್‌ಬುಕ್ಕಿನಲ್ಲಿ. ನಾನು ಮೆಚ್ಚಿಕೊಂಡು ಹೇಳಿದ್ದಕ್ಕೆ ಅವರು ನಕ್ಕರು. “ಏನು ಪ್ರಯೋಜನ ಅಕ್ಕಾ, ಇದನ್ನ ಇವತ್ತಿನವರೆಗೆ ಕೇಳಿದವರು ನೀವೊಬ್ಬರೇ. ಏನೂ ಬರೆದಿಡದವನೂ ಅದೇ ಆ್ಯಪ್‌ಗೆ ಅದೇ ರೇಟಿಗೆ ಹಾಕ್ತಾನೆ. ಟೆಸ್ಟ್ ಖರ್ಚು ನನ್ನ ತಲೆ ಮೇಲೆ.”

ಮಾನ್ಯರೇ, ಪ್ರಾಮಾಣಿಕವಾಗಿ ಬೆಳೆಯುವವರಿಗೆ ಈಗಿನ ವ್ಯವಸ್ಥೆಯಲ್ಲಿ ಆಗುವುದು ನಷ್ಟವೇ. ಇದು ನನ್ನ ಊಹೆಯಲ್ಲ. ಬೇರೆ ದೇಶಗಳಲ್ಲಿ ಆಗಿಹೋದ ಕಥೆ.

ಜಪಾನಿನ ಸಕಾಯ್ ನಗರದಲ್ಲಿ 1996ರ ಜುಲೈನಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿದ ಆರು ಸಾವಿರಕ್ಕೂ ಹೆಚ್ಚು ಮಕ್ಕಳು ಇ. ಕೋಲಿ ಓ157 ಸೋಂಕಿನಿಂದ ಮಲಗಿದರು. ಕೆಲವು ಮಕ್ಕಳು ಸತ್ತರು. ತನಿಖೆಯ ಬೆರಳು ತೋರಿಸಿದ್ದು ಒಂದೇ ತೋಟದಲ್ಲಿ ನೀರಿನಲ್ಲಿ ಬೆಳೆದ ಮೂಲಂಗಿ ಮೊಳಕೆಯ ಕಡೆಗೆ. ಆದರೆ ಆ ತೋಟದಲ್ಲಿ ರೋಗಾಣು ಸಿಗಲಿಲ್ಲ. ಸರ್ಕಾರ ಅರೆಬರೆ ವರದಿಯನ್ನೇ ಪ್ರಕಟಿಸಿತು. ದೇಶದ ಎಲ್ಲ ಮೊಳಕೆ ಬೆಳೆಗಾರರ ವ್ಯಾಪಾರ ನೆಲಕಚ್ಚಿತು. ಆಗಿನ ಆರೋಗ್ಯ ಸಚಿವ ನವೊಟೊ ಕಾನ್ ಕ್ಯಾಮೆರಾಗಳ ಮುಂದೆ ಮೂಲಂಗಿ ಮೊಳಕೆ ತಿಂದು ತೋರಿಸಿದರು. ಅದರಿಂದ ಯಾರಿಗೂ ಧೈರ್ಯ ಬರಲಿಲ್ಲ. ಬೆಳೆಗಾರರು ಸರ್ಕಾರದ ಮೇಲೆಯೇ ದಾವೆ ಹೂಡಿ ಪರಿಹಾರ ಪಡೆದರು.

ಜರ್ಮನಿಯಲ್ಲಿ 2011ರ ಮೇ ತಿಂಗಳಲ್ಲಿ ಆದದ್ದು ಇದಕ್ಕಿಂತ ಭೀಕರ. ಸುಮಾರು ನಾಲ್ಕು ಸಾವಿರ ಜನ ಕಾಯಿಲೆಬಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನರ ಮೂತ್ರಪಿಂಡ ಕೈಕೊಟ್ಟಿತು. ಮೊದಲು ಸ್ಪೇನಿನ ಸೌತೆಕಾಯಿ ಕಾರಣ ಎಂದುಬಿಟ್ಟರು. ಯುರೋಪಿನ ತರಕಾರಿಯನ್ನೇ ರಷ್ಯಾ ನಿಷೇಧಿಸಿತು. ಆಮೇಲೆ ಹೋಟೆಲುಗಳಲ್ಲಿ ಯಾರು ಏನು ತಿಂದರು ಎಂದು ವಿಚಾರಿಸುತ್ತಾ, ಸರಕು ಹೋದ ಬಿಲ್ಲುಗಳನ್ನು ಹಿಡಿದುಕೊಂಡು ಹಿಂದಕ್ಕೆ ಹೋದಾಗ ಬೀನೆನ್‌ಬ್ಯುಟೆಲ್ ಎಂಬ ಊರಿನ ಮೊಳಕೆ ಬೆಳೆಯುವ ತೋಟ ಸಿಕ್ಕಿತು. ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ 2009ರಲ್ಲಿ ಈಜಿಪ್ಟಿನಿಂದ ಬಂದಿದ್ದ ಮೆಂತ್ಯದ ಬೀಜ. ಸೌತೆಕಾಯಿಗೆ ಯಾವ ಸಂಬಂಧವೂ ಇರಲಿಲ್ಲ. ತಪ್ಪು ಮಾಡದ ತರಕಾರಿ ಬೆಳೆಗಾರರಿಗೆ ಯುರೋಪ್ ಒಕ್ಕೂಟ 20 ಕೋಟಿ ಯೂರೊಗೂ ಹೆಚ್ಚು ಪರಿಹಾರ ಕೊಡಬೇಕಾಯಿತು. ಸುಮಾರು ಎರಡು ವರ್ಷದಲ್ಲಿ ಅಲ್ಲಿ ಮೊಳಕೆ ಬೆಳೆಯುವವರಿಗೆ ಸರ್ಕಾರದ ಅನುಮೋದನೆ ಕಡ್ಡಾಯವಾಯಿತು. ಬೀಜದ ಲಾಟ್‌ನಿಂದ ಗ್ರಾಹಕರಿಗೆ ಮಾರುವ ಅಂಗಡಿಯವರೆಗೆ ದಾಖಲೆ ಇಡುವುದೂ ಕಡ್ಡಾಯವಾಯಿತು.

ಇವೆರಡೂ ಮೊಳಕೆಯ ಕಥೆಗಳು, ಲೆಟ್ಯೂಸಿಗೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ಅವರಿಗೆ ಅಮೆರಿಕದ ಇಲಿನಾಯ್ ರಾಜ್ಯದ ರೋಶೆಲ್ ಊರಿನ ಉದಾಹರಣೆ ಇದೆ. ಅಲ್ಲಿನ ಗಾಜಿನಮನೆಯೊಂದರಲ್ಲಿ ನೀರಿನಲ್ಲಿ ಬೆಳೆದು ಡಬ್ಬಿಗೆ ತುಂಬಿದ ಸಲಾಡ್ ಸೊಪ್ಪಿನಿಂದ 2021ರಲ್ಲಿ ನಾಲ್ಕು ರಾಜ್ಯಗಳ 31 ಜನರಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತು. ಎಲ್ಲ ಆಧುನಿಕ ಸೌಲಭ್ಯವಿದ್ದ ಜಾಗ ಅದು. ತನಿಖೆಗೆ ಹೋದವರು ಪಕ್ಕದ ಜಾಗದಲ್ಲಿ ಮಳೆನೀರು ನಿಲ್ಲುವ ಹೊಂಡದಲ್ಲಿ ಅದೇ ತಳಿಯ ಬ್ಯಾಕ್ಟೀರಿಯಾ ಕಂಡರು. ಗಾಜಿನಮನೆಯ ಒಳಗೆ ಗಿಡ ತೇಲುತ್ತಿದ್ದ ನೀರಿನಲ್ಲಿ ಇನ್ನೊಂದು ಬಗೆಯ ಸಾಲ್ಮೊನೆಲ್ಲಾ ಸಿಕ್ಕಿತು. ಅಂದರೆ ಗಾಜಿನ ಗೋಡೆ ಇದ್ದರೂ ಹೊರಗಿನದು ಒಳಗೆ ಬರುತ್ತದೆ. ನಮ್ಮ ಶೆಡ್ಡುಗಳ ಸುತ್ತ ಏನೇನಿದೆ ಎಂದು ಬೆಂಗಳೂರಿನ ಹೊರವಲಯದಲ್ಲಿ ಒಂದು ಸುತ್ತು ಹಾಕಿದವರಿಗೆ ಗೊತ್ತು. ಖಾಲಿ ಸೈಟಿನ ಕಸ, ಬೀದಿನಾಯಿ, ರಾಜಕಾಲುವೆ, ಟ್ಯಾಂಕರ್ ಎಲ್ಲಿಂದ ತುಂಬಿಕೊಂಡು ಬಂತೋ ಆ ನೀರು.

ಟ್ಯಾಂಕರ್ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರಿನ ಎಷ್ಟೋ ಬಡಾವಣೆಗಳು ಟ್ಯಾಂಕರಿಗೆ ಕೈಚಾಚಿ ನಿಂತಿದ್ದವು. ನಮ್ಮ ಅಡುಗೆಮನೆಗೂ ಟ್ಯಾಂಕರ್ ನೀರೇ ಬಂತು. ಬಂದ ನೀರನ್ನು ಪರೀಕ್ಷೆಗೆ ಕಳಿಸಿದೆವು, ಕುದಿಸಿದೆವು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಪತ್ತೆಯಾಗಕೂಡದು. ಅದೇ ಬೇಸಿಗೆಯಲ್ಲಿ ಲೆಟ್ಯೂಸ್ ಶೆಡ್ಡುಗಳ ತೊಟ್ಟಿಗೆ ಯಾವ ನೀರು ಬಿತ್ತು, ಅದನ್ನು ಯಾರು ನೋಡಿದರು? ಹಸಿಯಾಗಿ ತಿನ್ನುವ ಸೊಪ್ಪಿನ ಮೈಯಲ್ಲಿರುವುದು ಬಹುಪಾಲು ನೀರು. ನಾವು ಅದನ್ನು ಲೋಟದಲ್ಲಿ ಕುಡಿದರೂ ಎಲೆಯಲ್ಲಿ ಅಗಿದರೂ ಹೋಗುವುದು ಅದೇ ಹೊಟ್ಟೆಗೆ.

ಈಗ ಕಾಯ್ದೆಗೆ ಬರುತ್ತೇನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಸೆಕ್ಷನ್ 18(3) ಹೇಳುವ ಪ್ರಕಾರ ರೈತರಿಗೆ, ಬೇಸಾಯದ ಕೆಲಸಗಳಿಗೆ, ಬೆಳೆಗಳಿಗೆ, ಹೊಲದ ಹಂತದಲ್ಲಿರುವ ಉತ್ಪನ್ನಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಾನು ಈ ವಿನಾಯಿತಿಯ ಪರವಾಗಿದ್ದೇನೆ. ಮಂಡ್ಯದಲ್ಲಿ ಎರಡು ಎಕರೆ ಗದ್ದೆ ಮಾಡುವವರನ್ನು ಲೈಸೆನ್ಸ್ ಕೇಳಿ ಸತಾಯಿಸಬಾರದು. ಅವರ ಭತ್ತ ಗಿರಣಿಗೆ ಹೋಗಿ, ಅಕ್ಕಿಯಾಗಿ, ಕುದಿಯುವ ಎಸರಿಗೆ ಬಿದ್ದ ಮೇಲೆ ತಾನೆ ತಟ್ಟೆಗೆ ಬರುವುದು? ಆದರೆ ಹೂಡಿಕೆದಾರರ ದುಡ್ಡಿನಲ್ಲಿ ಶೆಡ್ ಹಾಕಿ, ಸಂಬಳದ ಕೆಲಸಗಾರರನ್ನು ಇಟ್ಟು, ಬೆಳೆದ ಜಾಗದಲ್ಲೇ ಕತ್ತರಿಸಿ, ಚೀಲಕ್ಕೆ ತುಂಬಿ, ಮುದ್ರೆ ಒತ್ತಿ, ತೊಳೆಯದೆ ತಿನ್ನಿ ಎಂದು ಅಚ್ಚು ಹಾಕಿ ಮಾರುವ ಕಂಪನಿಯೂ ಈ ಸೆಕ್ಷನ್ನಿನ ಕೊಡೆಯ ಕೆಳಗೆ ನಿಲ್ಲಬಹುದೆ? ಮುಂದೆ ಬೇಯಿಸುವವರಿಲ್ಲ, ತೊಳೆಯುವವರೂ ಇಲ್ಲ ಎಂದ ಮೇಲೆ ಆಹಾರ ತಯಾರಾಗುವ ಕೊನೆಯ ಜಾಗ ಆ ಶೆಡ್ಡೇ. ನಮ್ಮ ಅಡುಗೆಮನೆಗೆ ಏನೇನು ನಿಯಮ ಇದೆಯೋ ಅದರ ಸಾರಾಂಶವಾದರೂ ಅಲ್ಲಿಗೂ ಇರಬೇಕು.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಹೆಚ್ಚಿ ಪ್ಯಾಕ್ ಮಾಡಿದ ತರಕಾರಿಗೆ ಸೂಕ್ಷ್ಮಾಣು ಮಾನದಂಡಗಳು ಈಗಾಗಲೇ ಇವೆ. ತಯಾರಿಸಿದವರು ಯಾರೆಂದು ಪತ್ತೆಯಾಗದ ಪದಾರ್ಥ ಮಾರಿದವರೇ ಹೊಣೆ ಎಂದು ಸೆಕ್ಷನ್ 27 ಹೇಳುತ್ತದೆ. ಹಾಗಾದರೆ ಚೀಲದ ಮೇಲೆ ಶೆಡ್ಡಿನ ಗುರುತಿಲ್ಲದ ಸೊಪ್ಪಿಗೆ ಆ್ಯಪ್‌ನವರು ಉತ್ತರ ಕೊಡಬೇಕಲ್ಲವೆ? ದಾರಿ ತಪ್ಪಿಸುವ ಜಾಹೀರಾತಿಗೆ ಸೆಕ್ಷನ್ 53ರಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರ ನಿಯಮಾವಳಿಯೇ ಇದೆ. “ತೊಳೆಯಬೇಕಿಲ್ಲ” ಎನ್ನುವುದೂ ಒಂದು ಹೇಳಿಕೆ. ಅದಕ್ಕೆ ಪುರಾವೆ ತೋರಿಸಿ ಎಂದು ಒಂದು ನೋಟಿಸ್ ಕೊಟ್ಟು ನೋಡಿ. ಎಷ್ಟು ಚೀಲಗಳ ಮೇಲಿನ ಅಚ್ಚು ಬದಲಾಗುತ್ತದೆ ಎಂದು ಗೊತ್ತಾಗುತ್ತದೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಯ ಬಣ್ಣದ ಮೇಲೆ ನಿಷೇಧ ಬಂದಾಗ, ಮರುವರ್ಷ ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಬಾರದು ಎಂದಾಗ, ಮನಸ್ಸು ಮಾಡಿದರೆ ಸರ್ಕಾರ ಎಷ್ಟು ಬೇಗ ಬೀದಿಗೆ ಇಳಿಯಬಲ್ಲದು ಎಂದು ನಾವೆಲ್ಲ ನೋಡಿದೆವು. ಬೀದಿಬದಿ ಗಾಡಿಯವರ ಬಾಣಲೆ ಕಣ್ಣಿಗೆ ಬೀಳುತ್ತದೆ. ಕ್ಯೂಆರ್ ಕೋಡ್ ಇರುವ ಚೀಲದ ಹಿಂದಿನ ತೊಟ್ಟಿ ಬೀಳುವುದಿಲ್ಲ. ಬಡವರ ತಿಂಡಿಗೆ ಒಂದು ಕಣ್ಣು, ಉಳ್ಳವರ ತಿಂಡಿಗೆ ಇನ್ನೊಂದು ಎಂದು ಜನ ಆಡಿಕೊಳ್ಳುವಂತಾಗಬಾರದು.

ರೋಗಾಣು ಬಿಟ್ಟು ಇನ್ನೊಂದು ಮಾತು. ಸೊಪ್ಪು ನೈಟ್ರೇಟನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಬೆಳಕು ಕಡಿಮೆಯಿದ್ದರೆ ಇನ್ನೂ ಹೆಚ್ಚು. ನಮ್ಮ ಆಷಾಢ, ಶ್ರಾವಣದ ಮೋಡದ ದಿನಗಳಲ್ಲಿ ತೊಟ್ಟಿಯ ತುಂಬ ನೈಟ್ರೇಟ್ ಇದ್ದರೆ ಎಲೆಯಲ್ಲೂ ಇರುತ್ತದೆ. ಯುರೋಪಿನಲ್ಲಿ ಪಾಲಕ್ ಸೊಪ್ಪಿಗೆ ಕಿಲೋಗೆ 3,500 ಮಿಲಿಗ್ರಾಂ ಎಂದು ಮಿತಿ ಹಾಕಿದ್ದಾರೆ. ಹಸಿರುಮನೆಯಲ್ಲಿ ಬೆಳೆದ ಲೆಟ್ಯೂಸಿಗೆ ಋತುಮಾನ ನೋಡಿ 4,000 ಅಥವಾ 5,000. ಕೊಯ್ಲಿಗೆ ಕೆಲವು ದಿನ ಮೊದಲು ಪೋಷಕಾಂಶ ಕಡಿಮೆ ಮಾಡಿದರೆ ನೈಟ್ರೇಟ್ ಇಳಿಯುತ್ತದೆ. ಬಲ್ಲ ಬೆಳೆಗಾರರು ಹಾಗೆ ಮಾಡುತ್ತಾರೆ. ಆದರೆ ತೂಕ ತುಸು ಕಡಿಮೆಯಾಗುತ್ತದೆ. ಯಾರೂ ಅಳೆಯದಿದ್ದರೆ ಯಾರು ತೂಕ ಬಿಟ್ಟುಕೊಡುತ್ತಾರೆ? ನೈಟ್ರೇಟ್ ಒಂದೇ ಅಲ್ಲ, ಬೇರೆ ಅಂಶಗಳನ್ನೂ ಹೀಗೆ ಇಳಿಸಬಹುದು. ಜಪಾನಿನ ಐಜು ವಕಾಮತ್ಸುವಿನಲ್ಲಿ ಫುಜಿತ್ಸು ಕಂಪನಿ ಒಂದು ಕಾಲದಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುತ್ತಿದ್ದ ಕೋಣೆಯಲ್ಲಿ ಮೂತ್ರಪಿಂಡ ರೋಗಿಗಳಿಗೆಂದೇ ಪೊಟ್ಯಾಸಿಯಂ ಕಡಿಮೆ ಇರುವ ಲೆಟ್ಯೂಸ್ ಬೆಳೆದು ಮಾರಿತು. ಎಲೆಯೊಳಗೆ ಏನಿರಬೇಕು ಎಂದು ಅಷ್ಟು ಹತೋಟಿ ಇಡಬಲ್ಲ ವಿದ್ಯೆ ಇದು. ನಮ್ಮಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ. ಅವರಿಗೆ ಬಡಿಸುವ ಎಲೆಯಲ್ಲಿ ಏನಿದೆ ಎಂದು ನನಗೆ ಯಾರೂ ಹೇಳುವುದಿಲ್ಲ.

ಮೈಕ್ರೋಗ್ರೀನ್ ಬಗ್ಗೆ ಹೇಳದಿದ್ದರೆ ಪತ್ರ ಅಪೂರ್ಣ. ಹತ್ತು ದಿನದಲ್ಲಿ ಬೆಳೆದು ಕೈತುಂಬ ಲಾಭ ಎಂದು ವಿಡಿಯೋ ನೋಡಿ ತಾರಸಿಯಲ್ಲಿ, ಮಲಗುವ ಕೋಣೆಯಲ್ಲಿ ಟ್ರೇ ಜೋಡಿಸಿದವರು ಬಹಳ. ಹೆಚ್ಚಿನವರು ಮನೆ ಹೆಂಗಸರು. ಅವರ ದುಡಿಮೆಗೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಆದರೆ ಬಿತ್ತನೆ ಅಂಗಡಿಯಲ್ಲಿ ಸಿಗುವ ಮೂಲಂಗಿ, ಬೀಟ್‌ರೂಟ್ ಬೀಜ ಗುಲಾಬಿ ಬಣ್ಣದಲ್ಲಿದ್ದರೆ ಅದಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿದ್ದಾರೆ ಎಂದು ಅರ್ಥ. ಹೊಲಕ್ಕೆ ಬಿತ್ತಿ ಎರಡು ತಿಂಗಳ ನಂತರ ಗಡ್ಡೆ ಕೀಳುವವರಿಗೆ ಅದು ಸರಿ. ಬಿತ್ತಿದ ಹತ್ತೇ ದಿನಕ್ಕೆ ಕಾಂಡ, ಎಲೆಯನ್ನೇ ಕತ್ತರಿಸಿ ಹಸಿಯಾಗಿ ತಿನ್ನುವವರಿಗೆ ವಿಷ. ಇದನ್ನು ಆ ಹೆಂಗಸರಿಗೆ ಕೂರಿಸಿ ಹೇಳಿದವರು ಯಾರೂ ಇಲ್ಲ. ಕೋಕೋಪೀಟ್ ವಿಷಯವೂ ಅಷ್ಟೆ. ನಾರಿನ ಗಿರಣಿಯ ಹೊರಗೆ ಬಯಲಿನಲ್ಲಿ ರಾಶಿ ಹಾಕಿದ ನಾರಿನ ಪುಡಿಯ ಮೇಲೆ ದನ, ನಾಯಿ ಓಡಾಡುವುದನ್ನು ತೆಂಗಿನ ಸೀಮೆಯವರೆಲ್ಲ ನೋಡಿದ್ದೇವೆ. ಅದೇ ಪುಡಿ ತೊಳೆದೋ ತೊಳೆಯದೆಯೋ ಟ್ರೇಗೆ ಬರುತ್ತದೆ.

ಸಣ್ಣವರಿಗೆ ದುಬಾರಿ ಲೈಸೆನ್ಸ್ ಬೇಡ. ಈಗಿರುವ ಸರಳ ನೋಂದಣಿ ಸಾಕು. ಜೊತೆಗೆ ಕನ್ನಡದಲ್ಲಿ ಒಂದು ದಿನದ ತರಬೇತಿ, ಜಿಲ್ಲಾ ಪ್ರಯೋಗಾಲಯದಲ್ಲಿ ರಿಯಾಯಿತಿ ದರದ ನೀರಿನ ಪರೀಕ್ಷೆ ಇದ್ದರೆ ಬಹುಪಾಲು ತಾನೇ ಸರಿಹೋಗುತ್ತದೆ. ದೊಡ್ಡ ಶೆಡ್ಡುಗಳಿಗೆ ಪೂರ್ತಿ ಪರವಾನಗಿ ಬೇಕು. ತೊಟ್ಟಿಯ ನೀರಿನ ಸೂಕ್ಷ್ಮಾಣು ವರದಿ ಗ್ರಾಹಕರು ನೋಡುವಂತಿರಬೇಕು. ಪ್ರತಿ ಚೀಲದ ಮೇಲೆ ಶೆಡ್ಡಿನ ಗುರುತು, ಕೊಯ್ದ ದಿನ, ಲಾಟ್ ಸಂಖ್ಯೆ ಬೇಕು. ಮೊಳಕೆ ಬೆಳೆಯುವವರು ಮೊಳಕೆಯಿಂದ ಬಸಿದು ಬಂದ ನೀರನ್ನು ಪ್ರತಿ ಬ್ಯಾಚಿಗೆ ಪರೀಕ್ಷಿಸಿ, ರೋಗಾಣು ಇಲ್ಲ ಎಂದು ಖಚಿತವಾದ ಮೇಲೆಯೇ ಮಾರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ನಮ್ಮಲ್ಲಿ ಪ್ರತಿ ಬ್ಯಾಚಿಗೆ ಆಗದಿದ್ದರೆ ವಾರಕ್ಕೊಮ್ಮೆಯಿಂದಾದರೂ ಶುರುವಾಗಲಿ. ತೋಟಗಾರಿಕೆ ಇಲಾಖೆ ಕೊಡುವ ಸಹಾಯಧನಕ್ಕೂ ಇದೇ ಷರತ್ತು ಹಾಕಿದರೆ ನಿಮ್ಮ ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ. ಆಹಾರ ಹಿಂಪಡೆಯಲು 2017ರ ನಿಯಮಾವಳಿ ಇದೆ. ಆದರೆ ಲಾಟ್ ಸಂಖ್ಯೆಯೇ ಇಲ್ಲದ ಸೊಪ್ಪನ್ನು ಯಾರಿಂದ, ಯಾವುದೆಂದು ಹಿಂಪಡೆಯುತ್ತೀರಿ?

ಇಷ್ಟೆಲ್ಲ ಆಗಲು ಸಮಯ ಹಿಡಿಯುತ್ತದೆ ಎಂದು ನನಗೆ ಗೊತ್ತು. ಸದ್ಯಕ್ಕೆ ಎರಡು ಕೆಲಸ ಮಾಡಿಕೊಡಿ. ಶೆಡ್ಡಿನಲ್ಲಿ ಬೆಳೆದು, ಅಲ್ಲೇ ಪ್ಯಾಕ್ ಮಾಡಿ, ನೇರವಾಗಿ ತಿನ್ನಲು ಮಾರುವವರು ಸೆಕ್ಷನ್ 18(3)ರ ವಿನಾಯಿತಿಗೆ ಸೇರುತ್ತಾರೋ ಇಲ್ಲವೋ ಎಂಬುದನ್ನು ಲಿಖಿತವಾಗಿ ತಿಳಿಸಿ. ಬೇಕಿದ್ದರೆ ದೆಹಲಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವನ್ನು ಕೇಳಿಯೇ ತಿಳಿಸಿ. ಎರಡನೆಯದಾಗಿ, ಗ್ರಾಹಕರು ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಬಹುದು ಎಂದು ಸೆಕ್ಷನ್ 40 ಹೇಳುತ್ತದೆ. ಪರೀಕ್ಷೆಗೆಂದೇ ಒಂದು ಚೀಲ ತರಿಸಿ, ಅದನ್ನು ನಾನು ತೆರೆಯದೆ, ತಣ್ಣಗಿನ ಪೆಟ್ಟಿಗೆಯಲ್ಲಿ ತಂದು ಕೊಡಲು ಸಿದ್ಧ. ಯಾವ ಪ್ರಯೋಗಾಲಯಕ್ಕೆ ತರಬೇಕು, ಸಾಲ್ಮೊನೆಲ್ಲಾ, ಇ. ಕೋಲಿ, ಲಿಸ್ಟೀರಿಯಾ, ನೈಟ್ರೇಟ್ ನಾಲ್ಕನ್ನೂ ಅಲ್ಲಿ ನೋಡುತ್ತಾರೆಯೇ, ಶುಲ್ಕ ಎಷ್ಟು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಉತ್ತರ ಬರುವವರೆಗೆ ನಮ್ಮಲ್ಲಿ ಸಲಾಡ್ ನಿಲ್ಲಿಸಿದ್ದೇವೆ. ಮಕ್ಕಳು ಫೋನ್ ಮಾಡಿ ಯಾಕೆ ಎಂದು ಕೇಳಿದರೆ ಈ ಪತ್ರದ ಪ್ರತಿ ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿರಿಯರ ವಸತಿಗೃಹವೊಂದರ ಅಡುಗೆಮನೆ ಮೇಲ್ವಿಚಾರಕಿ,
ಬೆಂಗಳೂರು

ಪ್ರತಿ: ನಿರ್ದೇಶಕರು, ತೋಟಗಾರಿಕೆ ಇಲಾಖೆ; ಅಧ್ಯಕ್ಷರು, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ನವದೆಹಲಿ